ಬೋರ್‌ವೆಲ್ಲಿಂದಾನೂ ಹೊಗೆ ಬರುತ್ತಾ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಸಿರುಮನೆ ಅನಿಲ, ಅಂದರೆ ಭೂಮಿಯ ಬಿಸಿ ಏರಿಸುವ ಅನಿಲ ತಗ್ಗಿಸಲು ರಾಜ್ಯ ಸರ್ಕಾರ ಏನು ಮಾಡುತ್ತಿದೆ ಎಂಬ ಮಾತು ಎಲ್ಲಿ ಎದ್ದರೂ ನಮ್ಮ ಮೂರು ಜಿಲ್ಲೆಗಳಲ್ಲಿ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಡೇರಿ ಮುಂದೆ ಕೇಳಿದವು, ರೈತರ ಸಭೆಯಲ್ಲಿ ಎದ್ದುನಿಂತು ಕೇಳಿದವು, ಕಾಲೇಜು ಹುಡುಗರು ಕೇಳಿದವು, ಕಾಗದ ಬರೆದು ಕೇಳಿದವು ಇಲ್ಲಿವೆ. ಪ್ರಶ್ನೆಗಳನ್ನು ಅವರ ಧಾಟಿಯಲ್ಲೇ ಬಿಟ್ಟಿದ್ದೇನೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಂಡರೂ ನಡೆಯುತ್ತದೆ.

## ಮೊದಲಿಗೆ ಕೇಳುವವು

ಕಲ್ಲಿದ್ದಲು ಸುಡೋದು ರಾಯಚೂರಲ್ಲಿ, ಫ್ಯಾಕ್ಟರಿ ಇರೋದು ಬೆಂಗಳೂರಲ್ಲಿ. ನಮ್ಮ ಹಳ್ಳಿಯಿಂದ ಏನ್ ಸಾರ್ ಹೊಗೆ ಹೋಗುತ್ತೆ?

ರಾಯಚೂರು, ಬಳ್ಳಾರಿ, ಯರಮರಸ್‌ನಲ್ಲಿ ಕಲ್ಲಿದ್ದಲು ಉರಿಯುವುದು ಎಲ್ಲೋ ಯಾರೋ ಸ್ವಿಚ್ ಒತ್ತುತ್ತಾರೆ ಎಂದೇ. ನಮ್ಮ ಕಡೆ ಆ ಸ್ವಿಚ್ಚು ಬೋರ್‌ವೆಲ್ಲಿನ ಸ್ಟಾರ್ಟರ್.

ಲೆಕ್ಕ ಹಾಕಿ ನೋಡೋಣ. ನೀರು ಸಾವಿರ ಅಡಿಯಲ್ಲಿದೆ ಅನ್ನಿ. ಅಲ್ಲಿಂದ ಸಾವಿರ ಲೀಟರ್ ನೀರನ್ನು ಮೇಲೆತ್ತಲು ಭೌತಶಾಸ್ತ್ರದ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಮೇಲೆ ಸಾಕು. ಆದರೆ ಮೋಟರು, ಪಂಪು, ಪೈಪು ಎಲ್ಲವೂ ತಮ್ಮ ಪಾಲು ತಿಂದು, ಹಾಕಿದ ಕರೆಂಟಿನಲ್ಲಿ ಶೇ 40ರಷ್ಟು ಕೆಲಸಕ್ಕೆ ಬಂದರೆ ದೊಡ್ಡದು. ಹಾಗಾಗಿ ನಿಜಕ್ಕೂ ಖರ್ಚಾಗುವುದು ಎರಡು ಯೂನಿಟ್ ಮೇಲೆ. ದೇಶದ ಗ್ರಿಡ್ಡಿನಲ್ಲಿ, ಅಂದರೆ ಎಲ್ಲ ಕಡೆಯ ಕರೆಂಟು ಸೇರುವ ತಂತಿಜಾಲದಲ್ಲಿ, ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಅಂದರೆ ಐದು ಸಾವಿರ ಲೀಟರಿನ ಒಂದು ಟ್ಯಾಂಕರ್ ನೀರಿನ ಹಿಂದೆ ಏಳು ಕೆ.ಜಿ.ಗೂ ಮೇಲೆ ಅನಿಲ. ಅದೇ ನೀರು ಮುನ್ನೂರು ಅಡಿಯಲ್ಲಿ ಸಿಕ್ಕಿದ್ದರೆ ಮೂರರಲ್ಲೊಂದು ಪಾಲೂ ಆಗುತ್ತಿರಲಿಲ್ಲ.

ಇದರ ಮೇಲೆ ಸೀಮೆಹಸು ಬಿಡುವ ಮೀಥೇನ್, ಯೂರಿಯಾದಿಂದ ಏಳುವ ನೈಟ್ರಸ್ ಆಕ್ಸೈಡ್, ಮಾಲೂರಿನ ಇಟ್ಟಿಗೆ ಗೂಡು, ಹೆದ್ದಾರಿಯ ಲಾರಿ, ಊರಾಚೆಯ ಕಸದ ಗುಡ್ಡೆ ಎಲ್ಲ ಸೇರುತ್ತವೆ. ಆದರೂ ನಮ್ಮ ಮೂರು ಜಿಲ್ಲೆಯ ಮಟ್ಟಿಗೆ ನೀರಿನ ವಿಚಾರವೂ ಇಂಗಾಲದ ವಿಚಾರವೂ ಒಂದೇ ಎಂಬುದು ನನ್ನ ಲೆಕ್ಕಾಚಾರ. ಮುಂದಿನ ಉತ್ತರಗಳಲ್ಲೂ ಇದು ಇಣುಕುತ್ತದೆ.

ಇದೆಲ್ಲಾ ದಿಲ್ಲಿಯವರ ಕೆಲಸ ಅಲ್ವಾ? ರಾಜ್ಯದ ಕೈಲೇನಿದೆ?

ಅಂತರರಾಷ್ಟ್ರೀಯ ಮಾತು ಕೊಡುವುದು ದಿಲ್ಲಿ. 2070ಕ್ಕೆ ನಿವ್ವಳ ಶೂನ್ಯ (ಬಿಟ್ಟಷ್ಟೇ ಅನಿಲ ಹಿಂದಕ್ಕೆ ಹೀರುವುದು), 2030ರೊಳಗೆ ಉತ್ಪಾದನೆಯ ಪ್ರತಿ ರೂಪಾಯಿಗೆ ಹೊಮ್ಮುವ ಅನಿಲವನ್ನು 2005ಕ್ಕಿಂತ ಶೇ 45 ಇಳಿಸುವುದು, ಇವೆಲ್ಲ ಅಲ್ಲಿಯ ಮಾತು. ಆದರೆ ಆ ಮಾತು ನಡೆಸಿಕೊಡುವ ಕೀಲಿಗಳಲ್ಲಿ ಬಹಳಷ್ಟು ಬೆಂಗಳೂರಿನಲ್ಲಿವೆ. ಸಂವಿಧಾನದಲ್ಲಿ ನೀರು, ಕೃಷಿ, ಭೂಮಿ ರಾಜ್ಯದ ಪಟ್ಟಿಯಲ್ಲಿವೆ. ವಿದ್ಯುತ್ತು ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಇಬ್ಬರದೂ. ಕರೆಂಟಿನ ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ನಮಗೆ ಕರೆಂಟು ಹಂಚುವ ಕಂಪನಿ ಬೆಸ್ಕಾಂ ವರ್ಷಕ್ಕೆ ಎಷ್ಟು ಪಾಲು ಗಾಳಿ, ಬಿಸಿಲಿನ ಕರೆಂಟು ಕೊಳ್ಳಲೇಬೇಕು ಎಂದು ಹೇಳುವುದೂ ಅದೇ. ಬಸ್ಸು, ವಾಹನ ತೆರಿಗೆ, ಪಂಚಾಯಿತಿಯ ಕಸ, ಹಾಲಿನ ಪ್ರೋತ್ಸಾಹಧನ ಎಲ್ಲವೂ ರಾಜ್ಯದ ಕೈಯಲ್ಲೇ.

ಕರ್ನಾಟಕದ್ದೇ ಅಂತ ಒಂದು ಪ್ಲಾನ್ ಇದೆಯಾ? ಅದು ಕಾನೂನೋ, ಬರೀ ಪುಸ್ತಕಾನೋ?

ಇದೆ. ಹವಾಮಾನ ಬದಲಾವಣೆಯ ರಾಜ್ಯ ಕ್ರಿಯಾ ಯೋಜನೆ ಅದರ ಹೆಸರು. ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ, ಅಂದರೆ ಎಂಪ್ರಿ, ಅದನ್ನು ಸಿದ್ಧಪಡಿಸಿ ಮುಂದೆ ಪರಿಷ್ಕರಿಸಿತು. ಕಾನೂನು ಅಲ್ಲ. ಅದರಲ್ಲಿ ಹೇಳಿದ್ದನ್ನು ಇಲಾಖೆ ಮಾಡದಿದ್ದರೆ ಕೋರ್ಟಿಗೆ ಎಳೆಯಲು ಆಗುವುದಿಲ್ಲ. ಬಲ ಇರುವುದು ಬೇರೆ ಕಡೆ: ಸಬ್ಸಿಡಿ ಆದೇಶಗಳಲ್ಲಿ, ದರಪಟ್ಟಿಯಲ್ಲಿ, 2022–27ರ ನವೀಕರಿಸಬಹುದಾದ ಇಂಧನ ನೀತಿಯಲ್ಲಿ. ಆ ನೀತಿ ಹೆಚ್ಚುವರಿ 10,000 ಮೆಗಾವಾಟ್ ಗುರಿ ಇಟ್ಟುಕೊಂಡಿದೆ, ಅದರಲ್ಲಿ 1,000 ಮೆಗಾವಾಟ್ ತಾರಸಿ ಮೇಲಿನದು.

‘ಹವಾಮಾನ’ ಎಂದು ಹೆಸರಿಟ್ಟ ಯೋಜನೆಗಿಂತ, ಆ ಹೆಸರೇ ಇಲ್ಲದ ಆದೇಶಗಳು ಹೆಚ್ಚು ಅನಿಲ ಉಳಿಸಿವೆ. ಹೆಚ್ಚು ಸುಟ್ಟಿರುವುದೂ ಅಂಥವೇ.

## ಕರೆಂಟು ಮತ್ತು ಪಂಪ್‌ಸೆಟ್ಟು

ಪಂಪ್‌ಸೆಟ್ಟಿಗೆ ಕರೆಂಟು ಫ್ರೀ ಕೊಡೋರೂ ಇವರೇ, ಕಡಿಮೆ ಬಳಸಿ ಅನ್ನೋರೂ ಇವರೇ. ಏನ್ ಸ್ವಾಮಿ ಇದು?

ನ್ಯಾಯವಾದ ಪ್ರಶ್ನೆ. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಬಿಲ್ಲಿಲ್ಲ. ರಾಜ್ಯದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಹೋಗುವುದು ಇಲ್ಲಿಗೇ. ಬಹುಪಾಲು ಪಂಪ್‌ಸೆಟ್ಟಿಗೆ ಮೀಟರೂ ಇಲ್ಲ. ಟಿಸಿಗಳಲ್ಲಿ (ಟ್ರಾನ್ಸ್‌ಫಾರ್ಮರ್) ಕೆಲವನ್ನು ಆರಿಸಿ ಅಳೆದು, ಉಳಿದದ್ದನ್ನು ಅಂದಾಜು ಹಾಕುತ್ತಾರೆ.

ರಾತ್ರಿ ತ್ರೀಫೇಸ್ ಕೊಡುತ್ತಿದ್ದ ಊರುಗಳಲ್ಲಿ ಆಟೋ ಸ್ಟಾರ್ಟರ್ ಹಾಕದ ಹೊಲ ಹುಡುಕಬೇಕು. ಹಸಿರು ದೀಪ ಮಿಣುಕಿದ ಕೂಡಲೇ ಮೋಟರು ತಾನೇ ಎದ್ದು ಓಡುತ್ತದೆ, ರೈತ ಮಲಗಿರುತ್ತಾನೆ, ನೀರು ಬದು ದಾಟಿ ಹರಿದುಹೋಗುತ್ತಿರುತ್ತದೆ. ಇದರಲ್ಲಿ ರೈತನದು ತಪ್ಪೆನ್ನಲು ಬಾಯಿ ಬರುವುದಿಲ್ಲ. ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲದವನು ಬೇರೇನು ಮಾಡಿಯಾನು? ಹಾವು, ಕರಡಿ, ಚಿರತೆ ಓಡಾಡುವ ಹೊಲಕ್ಕೆ ರಾತ್ರಿ ಎರಡು ಗಂಟೆಗೆ ಯಾರು ಹೋಗುತ್ತಾರೆ?

ಫ್ರೀ ಕರೆಂಟು ತೆಗೆಯುತ್ತೇವೆ ಎಂದು ಹೇಳುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. ದಿಢೀರನೆ ತೆಗೆದರೆ ಮೊದಲು ಮುಳುಗುವವನು ಎರಡೆಕರೆಯವನೇ. ಹಾಗಾಗಿ ಕೈಗೂಡುವ ದಾರಿ ಎಂದರೆ ಅದೇ ಕರೆಂಟನ್ನು ಹಗಲು ಹೊತ್ತು, ಬಿಸಿಲಿನಿಂದ ಕೊಡುವುದು, ಜೊತೆಗೆ ಹನಿ ನೀರಾವರಿ. ಮುಂದಿನ ಪ್ರಶ್ನೆ ಅದರದ್ದೇ.

ಕುಸುಮ್ ಬಿ ಅಂತಾರೆ, ಕುಸುಮ್ ಸಿ ಅಂತಾರೆ. ನನ್ನ ಹೊಲಕ್ಕೆ ಯಾವುದು?

ಕೇಂದ್ರದ ಕುಸುಮ್ ಯೋಜನೆ 2019ರದು. ಬಿ ಎಂದರೆ ನಿಮ್ಮ ಹೊಲದಲ್ಲೇ ಪ್ಯಾನೆಲ್, ಅದಕ್ಕೇ ಜೋಡಿಸಿದ ಪಂಪು. ಲೈನು ದೂರ ಇರುವವರಿಗೆ ಇದು. ಕೇಂದ್ರ ಶೇ 30 ಕೊಡುತ್ತದೆ, ನಮ್ಮ ರಾಜ್ಯ ತನ್ನ ಪಾಲನ್ನು 30ರಿಂದ 50ಕ್ಕೆ ಏರಿಸಿದೆ, ರೈತನ ಮೇಲೆ ಬೀಳುವುದು ಶೇ 20. ಒಂದು ಎಚ್ಚರ: ಈ ಪಂಪಿನ ಗರಿಷ್ಠ ಆಳಕ್ಕೆ ಮಿತಿ ಇದೆ. ಶ್ರೀನಿವಾಸಪುರ, ಬಾಗೇಪಲ್ಲಿ ಕಡೆಯ ಸಾವಿರ, ಸಾವಿರದಿನ್ನೂರು ಅಡಿ ಬೋರಿಗೆ ಇದು ಹೊಂದುತ್ತದೋ ಇಲ್ಲವೋ ಎಂದು ನೀರಿನ ಮಟ್ಟ ತೋರಿಸಿ ಕೇಳಿ, ಆಮೇಲೆ ದುಡ್ಡು ಕಟ್ಟಿ.

ಸಿ ಎಂದರೆ ನಿಮ್ಮ ಹೊಲದಲ್ಲಿ ಏನೂ ಬದಲಾಗುವುದಿಲ್ಲ. ಸಬ್‌ಸ್ಟೇಷನ್ ಹತ್ತಿರ ಸೋಲಾರ್ ಘಟಕ ಹಾಕಿ, ಪಂಪ್‌ಸೆಟ್ಟುಗಳ ಫೀಡರಿಗೆ, ಅಂದರೆ ಅವುಗಳಿಗೆ ಕರೆಂಟು ಒಯ್ಯುವ ಲೈನಿಗೆ, ಹಗಲು ಹೊತ್ತು ಅದರ ಕರೆಂಟು ಬಿಡುತ್ತಾರೆ. ಹಳೆಯ ಮೋಟರೇ ಓಡುತ್ತದೆ. ಗೌರಿಬಿದನೂರು ತಾಲ್ಲೂಕಿನಲ್ಲಿ 2025ರ ಜೂನ್‌ನಲ್ಲಿ ಮುಖ್ಯಮಂತ್ರಿಗಳು ಇಂಥ ಘಟಕಕ್ಕೆ ಚಾಲನೆ ಕೊಟ್ಟರು. ನನ್ನ ಓಟು ಸಿಗೆ. ಒಬ್ಬೊಬ್ಬರೇ ಅರ್ಜಿ ಹಿಡಿದು ಅಲೆಯುವ ಬದಲು ಇಡೀ ಫೀಡರ್ ಒಟ್ಟಿಗೆ ಬದಲಾಗುತ್ತದೆ, ಕಲ್ಲಿದ್ದಲು ಕರೆಂಟನ್ನು ದೂರದಿಂದ ತರುವಾಗ ತಂತಿಯಲ್ಲಿ ಸೋರುವುದೂ ತಪ್ಪುತ್ತದೆ. ಆದರೆ ನೀರು ಉಳಿಸುವ ಕಾರಣ ಎರಡರಲ್ಲೂ ಇಲ್ಲ. ಬಿಸಿಲು ಇರುವಷ್ಟು ಹೊತ್ತೂ ಪುಕ್ಕಟೆ ಎತ್ತಬಹುದು ಎಂದಾದರೆ ಅಂತರ್ಜಲದ ಗತಿ ಏನು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಗೃಹಜ್ಯೋತೀಲಿ ಸೊನ್ನೆ ಬಿಲ್ ಬರ್ತಾ ಇದೆ. ತಾರಸಿ ಮೇಲೆ ಸೋಲಾರ್ ಯಾಕೆ ಹಾಕಿಸಲಿ?

ಸೊನ್ನೆ ಬಿಲ್ಲೇ ಬರುವ ಮನೆಗೆ ಹಣದ ಲೆಕ್ಕದಲ್ಲಿ ಕಾರಣವಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಕೇಂದ್ರದ ಸೂರ್ಯಘರ್ ಯೋಜನೆ ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. 2023ರ ಗೃಹಜ್ಯೋತಿ 200 ಯೂನಿಟ್ಟಿನೊಳಗೆ, ಹಿಂದಿನ ಸರಾಸರಿಗೆ ಶೇ 10 ಸೇರಿಸಿ, ಬಿಲ್ಲು ಮನ್ನಾ ಮಾಡುತ್ತದೆ. ಒಂದು ಕೈ ಹಾಕಿಸು ಎನ್ನುತ್ತದೆ, ಇನ್ನೊಂದು ಬೇಡ ಎನ್ನುತ್ತದೆ.

ಲಾಭ ಇರುವುದು 200 ದಾಟುವ ಮನೆಗೆ. ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಒಂದು ಕಿಲೋವಾಟ್ ಪ್ಯಾನೆಲ್ ತಿಂಗಳಿಗೆ ಹೆಚ್ಚುಕಡಿಮೆ 120 ಯೂನಿಟ್ ಕೊಡುತ್ತದೆ ಎಂದು ಹಿಡಿದು ನಿಮ್ಮ ಬಿಲ್ಲಿನ ಪಕ್ಕ ಇಟ್ಟು ನೋಡಿ.

ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇಟ್ಕೊಂಡು ಪಾವಗಡದ ಹಳ್ಳೀಲೇ ಕರೆಂಟ್ ಹೋಗುತ್ತಲ್ಲ, ಯಾಕೆ?

ಪಾರ್ಕಿನ ಕರೆಂಟು ಹಳ್ಳಿಯ ಕಂಬಕ್ಕೆ ಬರುವುದಿಲ್ಲ. ದೊಡ್ಡ ವೋಲ್ಟೇಜಿಗೆ ಏರಿ ಗ್ರಿಡ್ ಸೇರುತ್ತದೆ, ಅಲ್ಲಿಂದ ಯಾರು ಕೊಂಡರೋ ಅವರಿಗೆ. ಹಳ್ಳಿಗೆ ಬರುವುದು ಬೇರೆ ಸಬ್‌ಸ್ಟೇಷನ್ನಿನ 11 ಕೆವಿ ಲೈನು. ಗಾಳಿಗೆ ತಂತಿ ತಾಗಿದರೆ, ಟಿಸಿ ಸುಟ್ಟರೆ, ಪಕ್ಕದಲ್ಲೇ ಸಾವಿರಾರು ಮೆಗಾವಾಟ್ ಇದ್ದರೂ ಮನೆ ಕತ್ತಲೆ.

ಪಾರ್ಕಿನ ಬಗ್ಗೆ ಎರಡು ಮಾತು. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್. ಒಂದು ಮೆಗಾವಾಟ್ ವರ್ಷಕ್ಕೆ 17 ಲಕ್ಷ ಯೂನಿಟ್ ಕೊಡುತ್ತದೆಂದು ಹಿಡಿದರೂ ಒಟ್ಟು ಸುಮಾರು 350 ಕೋಟಿ ಯೂನಿಟ್. ಅಷ್ಟೇ ಕರೆಂಟು ಗ್ರಿಡ್ಡಿನ ಸರಾಸರಿಯಲ್ಲಿ ತಯಾರಾಗಿದ್ದರೆ 24 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತಿತ್ತು. ನಮ್ಮ ಜಿಲ್ಲೆಗಳ ಮಣ್ಣಿನಲ್ಲಿ ಇಷ್ಟು ಅನಿಲ ಉಳಿಸುವ ಇನ್ನೊಂದು ಕೆಲಸ ನನಗೆ ಕಾಣುವುದಿಲ್ಲ.

ಜಮೀನನ್ನು ಸರ್ಕಾರ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, 28 ವರ್ಷ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಳ್ಳುತ್ತಿದ್ದವರಿಗೆ ಇದು ನಿಶ್ಚಿತ ದುಡ್ಡು. ಪಹಣಿ ಇದ್ದವರ ಮಾತಾಯಿತು ಇದು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಬೀಳು ನೆಲದಲ್ಲಿ ಕುರಿ ಬಿಡುತ್ತಿದ್ದವರಿಗೆ ಬಾಡಿಗೆ ಎಲ್ಲಿಂದ ಬರಬೇಕು? ಬೇಲಿ ಬಿದ್ದ ಮೇಲೆ ಹುಲ್ಲೂ ಹೋಯಿತು. ಮುಂದಿನ ಪಾರ್ಕಿನ ಕರಾರಿನಲ್ಲಿ ಇವರಿಗೂ ಒಂದು ಸಾಲು ಇಲ್ಲದಿದ್ದರೆ ಅದನ್ನು ನ್ಯಾಯವಾದ ಯೋಜನೆ ಎನ್ನಲಾರೆ.

ಎಲೆಕ್ಟ್ರಿಕ್ ಸ್ಕೂಟರ್‌ಗೂ ಕಲ್ಲಿದ್ದಲು ಕರೆಂಟೇ ತಾನೇ? ಏನ್ ಉಳೀತು?

ಅರ್ಧದಷ್ಟು ಉಳಿಯಿತು. ಒಂದು ಯೂನಿಟ್ಟಿಗೆ 30 ಕಿ.ಮೀ. ಓಡುವ ಸ್ಕೂಟರ್ ಕಿಲೋಮೀಟರಿಗೆ 23 ಗ್ರಾಂ ಆಸುಪಾಸು, ಲೀಟರಿಗೆ 45 ಕೊಡುವ ಪೆಟ್ರೋಲ್ ಸ್ಕೂಟರ್ 50 ಗ್ರಾಂ. ಹಗಲು ಹೊತ್ತು ಚಾರ್ಜ್ ಮಾಡಿದರೆ ಇನ್ನೂ ಕಡಿಮೆ. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು.

## ನೀರು, ಹಸು, ಮರ

ಕೆ.ಸಿ. ವ್ಯಾಲಿ ನೀರಿಗೂ ಭೂಮಿ ಬಿಸಿಗೂ ಎಲ್ಲಿಂದೆಲ್ಲಿಗೆ ಸಂಬಂಧ?

ಕೆ.ಸಿ. ವ್ಯಾಲಿ ಅಂದರೆ ಕೋರಮಂಗಲ–ಚಲ್ಲಘಟ್ಟ ಕಣಿವೆ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಕೋಲಾರದ ಕೆರೆಗಳಿಗೆ ತರುವ ಯೋಜನೆ ಇದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಚಿಕ್ಕಬಳ್ಳಾಪುರದ ಕಡೆಗೆ ಹೆಬ್ಬಾಳ–ನಾಗವಾರ ಕಣಿವೆಯ ನೀರು ಬೇರೆ.

ಸಂಬಂಧ ಎರಡು ಕಡೆ ಎಳೆಯುತ್ತದೆ. ಅಷ್ಟು ನೀರನ್ನು ಎತ್ತಿ ತಳ್ಳಲು ಹಗಲೂ ರಾತ್ರಿ ಕರೆಂಟು ಬೇಕು, ಅದು ಖರ್ಚಿನ ಬಾಬ್ತು. ಕೆರೆ ತುಂಬಿ ಸುತ್ತಲ ಬೋರ್‌ವೆಲ್ಲಿನ ನೀರು ಮೇಲೆ ಬಂದರೆ ಸಾವಿರಾರು ಮೋಟರುಗಳ ಹೊರೆ ಇಳಿಯುತ್ತದೆ, ಅದು ಉಳಿತಾಯದ ಬಾಬ್ತು. ನೀರು ನೂರಡಿ ಮೇಲೆ ಬಂದರೆ ಸಾವಿರ ಲೀಟರಿಗೆ ಸುಮಾರು ಕಾಲು ಯೂನಿಟ್ ಉಳಿಯಿತು. ಸಂಸ್ಕರಿಸದ ಕೊಳಚೆ ಕೊಳೆತು ಬಿಡುವ ಮೀಥೇನೂ ಕಡಿಮೆ.

ಆದರೆ ಇದು ಎರಡು ಹಂತ ಮಾತ್ರ ಸಂಸ್ಕರಿಸಿದ ನೀರು. ಶುರುವಾದ ಕೆಲವೇ ವಾರಕ್ಕೆ ಕೆರೆಯಲ್ಲಿ ನೊರೆ ಎದ್ದು ಹೈಕೋರ್ಟ್ ತಡೆ ಕೊಟ್ಟಿದ್ದನ್ನು ಕೋಲಾರದವರು ಮರೆತಿಲ್ಲ. ಮೂರನೇ ಹಂತದ ಸಂಸ್ಕರಣೆ ಬೇಕೆಂಬ ಬೇಡಿಕೆ ಇಂಗಾಲದ ಲೆಕ್ಕಕ್ಕಿಂತ ಮೊದಲು ಬರಬೇಕಾದದ್ದು. ಕೆರೆ ಹೂಳೆತ್ತಿ, ರಾಜಕಾಲುವೆ ಬಿಡಿಸಿ ಮಳೆನೀರು ಹಿಡಿಯುವುದಕ್ಕೆ ಪಂಪೇ ಬೇಡ. ಅದು ಇವೆಲ್ಲಕ್ಕಿಂತ ಅಗ್ಗ.

ಹಸು ತೇಗಿದ್ರೂ ತಪ್ಪಾ? ನಾಳೆ ಡೇರಿ ಮುಚ್ಚಿ ಅಂತಾರಾ?

ಯಾರೂ ಮುಚ್ಚಿಸುವುದಿಲ್ಲ, ಗಾಬರಿ ಬೇಡ. ಮೆಲುಕು ಹಾಕುವ ಹಸುವಿನ ಹೊಟ್ಟೆಯಲ್ಲಿ ಮೀಥೇನ್ ಹುಟ್ಟುತ್ತದೆ. ಹಾಲು ಕರೆಯುವ ಒಂದು ಹಸುವಿನಿಂದ ವರ್ಷಕ್ಕೆ ಅರ್ಧ ಕ್ವಿಂಟಾಲಿಗೂ ಮೇಲೆ. ನೂರು ವರ್ಷದ ಅವಧಿಗೆ ನೋಡಿದರೆ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 27 ಪಟ್ಟು ಆಸುಪಾಸು ಬಿಸಿ ಹಿಡಿಯುತ್ತದೆ. ಹೈನು ಬಿಟ್ಟರೆ ಕೋಲಾರದ ಎಷ್ಟೋ ಮನೆಯಲ್ಲಿ ಒಲೆ ಉರಿಯುವುದಿಲ್ಲ ಎಂಬುದೂ ಅಷ್ಟೇ ನಿಜ.

ಅಳೆಯಬೇಕಾದದ್ದು ಲೀಟರ್ ಹಾಲಿಗೆ ಎಷ್ಟು ಮೀಥೇನ್ ಎಂದು. ಬರೀ ಒಣಹುಲ್ಲು ತಿಂದು ಮೂರು ಲೀಟರ್ ಕೊಡುವ ಹಸುವಿಗಿಂತ ಹಸಿಮೇವು, ರಸಮೇವು, ಸಮತೋಲನದ ಹಿಂಡಿ ತಿಂದು ಹತ್ತು ಲೀಟರ್ ಕೊಡುವ ಹಸು ಲೀಟರಿನ ಲೆಕ್ಕದಲ್ಲಿ ವಾಸಿ. ಸರ್ಕಾರ ಲೀಟರಿಗೆ ಕೊಡುವ ಪ್ರೋತ್ಸಾಹಧನದ ಜೊತೆ ಮೇವಿನ ಬೀಜ, ಬರಡು ಹಸುವಿನ ಚಿಕಿತ್ಸೆ ಸೇರಿಸಿದರೆ ಹವಾಮಾನದ ಹೆಸರೆತ್ತದೆಯೇ ಕೆಲಸ ಆಗುತ್ತದೆ. ತಿಪ್ಪೆಗೆ ಬೀಳುವ ಸಗಣಿಗೆ ಗೋಬರ್ ಗ್ಯಾಸ್ ಇದ್ದೇ ಇದೆ.

ನೀಲಗಿರಿ ಮರಾನೂ ಮರಾನೇ ಅಲ್ವಾ? ಅದನ್ನ ಯಾಕೆ ಬೇಡ ಅಂದ್ರು?

ಮರ ಬೆಳೆದಷ್ಟು ಇಂಗಾಲ ಹಿಡಿಯುತ್ತದೆ, ಸರಿ. ಆದರೆ ನೀಲಗಿರಿಯನ್ನು ಕೆಲವೇ ವರ್ಷಕ್ಕೆ ಕಡಿದು ಕಂಬಕ್ಕೋ ಕಾಗದಕ್ಕೋ ಸೌದೆಗೋ ಸಾಗಿಸುತ್ತೇವೆ, ಹಿಡಿದ ಇಂಗಾಲದಲ್ಲಿ ಬಹುಪಾಲು ವಾಪಸ್ ಗಾಳಿಗೆ. ಅಷ್ಟರಲ್ಲಿ ಬೇರು ಮಣ್ಣಿನ ತೇವ ಹೀರಿರುತ್ತದೆ, ಪಕ್ಕದ ಹೊಲದವನು ಬೋರು ಇನ್ನೂ ಆಳ ಕೊರೆಸಿರುತ್ತಾನೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಲ್ಲಿಸಿತು. ಹಳೆಯ ತೋಪುಗಳ ಕೂಳೆ ಇನ್ನೂ ಚಿಗುರುತ್ತಲೇ ಇದೆ.

ಬದಲಿಗೆ ಹುಣಸೆ, ಹೊಂಗೆ, ಬೇವು, ಹೆಬ್ಬೇವು ನೆಟ್ಟರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ಸಿಗುತ್ತದೆ. ನೆಟ್ಟದ್ದಕ್ಕಲ್ಲ, ಉಳಿದದ್ದಕ್ಕೆ ದುಡ್ಡು. ಜೂನ್ 5ರಂದು ಗುಂಡಿ ತೋಡಿ ಫೋಟೊ ತೆಗೆಸಿಕೊಳ್ಳುವವರಿಗೂ ಇದೇ ನಿಯಮ ಇರಬೇಕಿತ್ತು.

ನಾವು ಶಿಡ್ಲಘಟ್ಟದ ರೀಲರ್‌ಗಳು. ರೇಷ್ಮೆಗೂಡು ಬೇಯಿಸೋಕೆ ಸೌದೆ ಬೇಕೇ ಬೇಕು. ನಮ್ಗೇನಿದೆ?

ಬಿಸಿನೀರಿಗೆ ಸೂರ್ಯನನ್ನು ಬಳಸಬಹುದು. ಬಾಯ್ಲರಿಗೆ ಹಾಕುವ ನೀರು ಮೊದಲೇ 60 ಡಿಗ್ರಿ ಇದ್ದರೆ ಸೌದೆ ಅಷ್ಟು ಉಳಿಯಿತು. ಒದ್ದೆ ಸೌದೆ ಹೊಗೆಯನ್ನೇ ಹೆಚ್ಚು ಕೊಡುತ್ತದೆ, ಒಣಗಿಸಿ ಉರಿಸಿ. ರೇಷ್ಮೆ ಇಲಾಖೆಯ ಸಹಾಯಧನದ ಪಟ್ಟಿಯಲ್ಲಿ ಯಂತ್ರದ ಜೊತೆ ಬಿಸಿನೀರಿನ ಉಪಕರಣವೂ ಸೇರುತ್ತದೆಯೇ ಎಂದು ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ.

## ಸ್ವಲ್ಪ ಆಳಕ್ಕೆ ಇಳಿದವರು ಕೇಳುವವು

ಕಾರ್ಬನ್ ಕ್ರೆಡಿಟ್ ಕೊಡಿಸ್ತೀವಿ, ಸಹಿ ಹಾಕಿ ಅಂತ ಒಬ್ರು ಬಂದಿದ್ರು. ನಂಬಬಹುದಾ?

ಕ್ರೆಡಿಟ್, ಅಂದರೆ ತಗ್ಗಿಸಿದ ಅನಿಲಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರ, ಸುಳ್ಳಲ್ಲ, ನಮ್ಮ ಕಡೆಯೇ ನಡೆದದ್ದು. ಬಾಗೇಪಲ್ಲಿ ಕೂಲಿ ಸಂಘದ ಗೋಬರ್ ಗ್ಯಾಸ್ ಯೋಜನೆ 2005ರಲ್ಲೇ ವಿಶ್ವಸಂಸ್ಥೆಯ ವ್ಯವಸ್ಥೆಯಲ್ಲಿ ನೋಂದಣಿಯಾಯಿತು. ಆಗಿನ್ನೂ ಚಿಕ್ಕಬಳ್ಳಾಪುರ ಜಿಲ್ಲೆ ಆಗಿರಲಿಲ್ಲ. ಮನೆಗೊಂದರಂತೆ ಎರಡು ಘನ ಮೀಟರಿನ 5,500 ಘಟಕಗಳು. ಸೌದೆ, ಸೀಮೆಎಣ್ಣೆ ಉಳಿಸಿದ್ದನ್ನು ಲೆಕ್ಕ ಹಾಕಿ ಕ್ರೆಡಿಟ್ ಮಾರಿದರು. ಅಲ್ಲಿ ಗೆದ್ದದ್ದು ಸಂಘಟನೆ: ಮನೆಮನೆಯ ಘಟಕ ಉರಿಯುತ್ತಿದೆಯೇ ಎಂದು ದಾಖಲೆ ಇಡುವವರು ಹಳ್ಳಿಯಲ್ಲೇ ಇದ್ದರು.

ಕೇಂದ್ರ ಸರ್ಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಪ್ರಕಟಿಸಿದೆ. ಅದರ ಕಡ್ಡಾಯ ಭಾಗ ಸಿಮೆಂಟು, ಅಲ್ಯೂಮಿನಿಯಂನಂಥ ದೊಡ್ಡ ಉದ್ಯಮಗಳಿಗೆ. ಒಬ್ಬೊಬ್ಬ ರೈತ ನೇರವಾಗಿ ಹೋಗಿ ಮಾರುವ ಸಂತೆ ಅಲ್ಲ ಅದು.

ಮನೆಗೆ ಬಂದವರನ್ನು ಹೀಗೆ ಕೇಳಿ: ಕರಾರು ಎಷ್ಟು ವರ್ಷ? ನಡುವೆ ಮರ ಕಡಿದರೆ ದಂಡವೇ? ಕ್ರೆಡಿಟ್ ಮಾರಿದ ಬೆಲೆಯಲ್ಲಿ ನನ್ನ ಪಾಲೆಷ್ಟು, ಅಳತೆ, ತಪಾಸಣೆಯ ಖರ್ಚು ಯಾರದು? ಕರಾರು ಕನ್ನಡದಲ್ಲಿದೆಯೇ? ಮೊದಲೇ ನೋಂದಣಿ ಶುಲ್ಕ ಕೇಳಿದರೆ ಕಾಫಿ ಕೊಟ್ಟು ಕಳಿಸಿ. ಪಹಣಿ, ಆಧಾರ್ ಪ್ರತಿ ಕೊಡಬೇಡಿ.

ಇಂಥಾವು ಹಿಂದೇನೂ ಬಂದಿದ್ವಲ್ಲ ಸಾರ್, ಕುಣಿಗಲ್ ಕಡೆ? ಏನಾದ್ವು?

ತುಮಕೂರು ಜಿಲ್ಲೆ ಈ ವಿಷಯದಲ್ಲಿ ಹಳೆಯ ಪ್ರಯೋಗಶಾಲೆ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯದ ಸಗಣಿ ಅನಿಲದಿಂದ ಕರೆಂಟು ತೆಗೆದು ಕುಡಿಯುವ ನೀರು ಕೊಟ್ಟರು. ಹೊಸಹಳ್ಳಿಯಲ್ಲಿ ಕಟ್ಟಿಗೆಯಿಂದ ಅನಿಲ ತೆಗೆದು ದೀಪ, ನೀರು, ಹಿಟ್ಟಿನ ಗಿರಣಿ ನಡೆಸಿದರು. ಎರಡೂ 1980ರ ದಶಕದಲ್ಲಿ ಶುರುವಾದವು, ಭಾರತೀಯ ವಿಜ್ಞಾನ ಸಂಸ್ಥೆಯವರ ಕೆಲಸ. ಆಮೇಲೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಲ್ಲಿ ಕಬ್ಬಿಗೆರೆಯ ಕಟ್ಟಿಗೆ ಘಟಕ ಗ್ರಿಡ್ಡಿಗೇ ಕರೆಂಟು ಕೊಟ್ಟಿತು.

ತಂತ್ರಜ್ಞಾನ ಕೆಲಸ ಮಾಡಿತು. ತೊಡಕಾದದ್ದು ದಿನವಹಿ ವ್ಯವಹಾರ. ಒಣಗಿದ, ಒಂದೇ ಅಳತೆಗೆ ಕತ್ತರಿಸಿದ ಕಟ್ಟಿಗೆ ವರ್ಷವಿಡೀ ಬರಬೇಕು, ಕೂಲಿ ಕೊಡಬೇಕು, ರಿಪೇರಿ ಬಲ್ಲವನು ಊರಲ್ಲೇ ಇರಬೇಕು, ಮಾರಿದ ಕರೆಂಟಿನ ದರ ಇದನ್ನೆಲ್ಲ ತೂಗಿಸಬೇಕು. ಪ್ರಾಜೆಕ್ಟಿನ ದುಡ್ಡು ಮುಗಿದ ಮೇಲೆ ಈ ಕೊಂಡಿಗಳಲ್ಲಿ ಒಂದು ಕಳಚಿದರೂ ಯಂತ್ರ ನಿಲ್ಲುತ್ತದೆ. ಈಗಿನ ಸೋಲಾರ್ ಪಂಪುಗಳಿಗೂ ಐದನೇ ವರ್ಷದಲ್ಲಿ ಇನ್ವರ್ಟರ್ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಎಂಬ ಪ್ರಶ್ನೆ ಅದಕ್ಕೇ ಕೇಳಬೇಕು.

ಅಮೆರಿಕಾದ ರಾಜ್ಯಗಳು ಕಾನೂನೇ ಮಾಡಿದಾವಂತೆ. ನಮ್ಮಲ್ಲಿ ಯಾಕಾಗಲ್ಲ?

ಕ್ಯಾಲಿಫೋರ್ನಿಯಾ 2006ರಲ್ಲಿ ಕಾನೂನು ಮಾಡಿ, 2020ರೊಳಗೆ ಅನಿಲವನ್ನು 1990ರ ಮಟ್ಟಕ್ಕೆ ಇಳಿಸುತ್ತೇವೆಂದು ಹೇಳಿ, 2016ರಲ್ಲೇ ಇಳಿಸಿತು. ದೊಡ್ಡ ಕಾರ್ಖಾನೆಗಳಿಗೆ ಮಿತಿ ಹಾಕಿ, ಉಳಿಸಿದವರು ಮೀರಿದವರಿಗೆ ಮಾರಬಹುದಾದ ವ್ಯವಸ್ಥೆಯನ್ನು 2013ರಿಂದ ನಡೆಸುತ್ತಿದೆ. ಅಲ್ಲಿ ಮೊದಲು ಆದದ್ದು ಅಳತೆ. ಯಾವ ಚಿಮಣಿಯಿಂದ ಎಷ್ಟು ಎಂದು ಕಡ್ಡಾಯ ವರದಿ ಇತ್ತು. ನಮ್ಮಲ್ಲಿ ಪಂಪ್‌ಸೆಟ್ಟಿಗೇ ಮೀಟರಿಲ್ಲ. ಆಗಲ್ಲ ಎಂದೇನಿಲ್ಲ: ಗುಜರಾತಿನ ಸೂರತ್‌ನಲ್ಲಿ 2019ರಿಂದ ಕಾರ್ಖಾನೆಗಳ ಹೊಗೆಯ ದೂಳಿಗೆ ಇಂಥದೇ ಮಿತಿ, ಮಾರುಕಟ್ಟೆ ನಡೆದಿದೆ. ಅಲ್ಲೂ ಮೊದಲು ಚಿಮಣಿಗೆ ಅಳತೆಯ ಯಂತ್ರ ಕೂರಿಸಿದರು.

ಸರ್ಕಾರ ಹೇಳಿದ್ದು ಮಾಡ್ತಾ ಇದೆಯೋ ಇಲ್ವೋ ಅಂತ ನಮ್ಮಂಥೋರು ಹೇಗೆ ನೋಡೋದು?

ಊರಿನಿಂದ ಶುರು ಮಾಡಿ. ಗ್ರಾಮಸಭೆಯಲ್ಲಿ ಪಂಚಾಯಿತಿಯ ಕುಡಿಯುವ ನೀರಿನ ಮೋಟರು, ಬೀದಿದೀಪದ ಕರೆಂಟು ಬಿಲ್ಲು ಕೇಳಿ, ಹೋದ ವರ್ಷದ್ದರ ಪಕ್ಕ ಇಟ್ಟು ನೋಡಿ. ಹಗಲಲ್ಲೂ ಉರಿಯುವ ಬೀದಿದೀಪ, ಓವರ್‌ಹೆಡ್ ಟ್ಯಾಂಕ್ ತುಂಬಿ ಚೆಲ್ಲುವ ನೀರು ಆ ಬಿಲ್ಲಿನಲ್ಲೇ ಸಿಕ್ಕಿಬೀಳುತ್ತವೆ. ನಿಮ್ಮ ಫೀಡರ್ ಕುಸುಮ್ ಸಿ ಪಟ್ಟಿಯಲ್ಲಿದೆಯೇ ಎಂದು ಬೆಸ್ಕಾಂ ಉಪವಿಭಾಗದಲ್ಲಿ ಕೇಳಿ, ಬಾಯಿಮಾತಿನಲ್ಲಿ ಹೇಳದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

ಇನ್ನೊಂದು ಜಾಗ ಹೆಚ್ಚಿನವರಿಗೆ ಗೊತ್ತಿಲ್ಲ. ಬೆಸ್ಕಾಂ ದರ ಪರಿಷ್ಕರಣೆಗೆ ಆಯೋಗದ ಮುಂದೆ ಅರ್ಜಿ ಹಾಕಿದಾಗ, ಪಂಪ್‌ಸೆಟ್ಟಿಗೆ ಎಷ್ಟು ಯೂನಿಟ್ ಹೋಯಿತು, ಎಷ್ಟು ಪಾಲು ಬಿಸಿಲಿನ ಕರೆಂಟು ಕೊಂಡೆವು, ತಂತಿಯಲ್ಲಿ ಎಷ್ಟು ಸೋರಿತು ಎಂಬ ಲೆಕ್ಕ ಅದರಲ್ಲಿರುತ್ತದೆ. ಸಾರ್ವಜನಿಕರ ಆಕ್ಷೇಪಣೆಗೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಆಮೇಲೆ ಬಹಿರಂಗ ವಿಚಾರಣೆ. ಅಲ್ಲಿ ಕೈಗಾರಿಕೆಯವರು ವಕೀಲರನ್ನು ಕರೆತರುತ್ತಾರೆ. ಹೊಲದವರು ಹೋಗುವುದು ಅಪರೂಪ. ಕನ್ನಡದಲ್ಲೇ ಬರೆದು, ಕರೆಂಟು ಸಂಪರ್ಕದ ನಿಮ್ಮ ಆರ್‌ಆರ್ ನಂಬರ್ ಹಾಕಿ, ಗಡುವಿನೊಳಗೆ ಕಳಿಸಿ.